ಕಾಲು ಚಾಚಲು ಒಂದು ದಿಕ್ಕು

ನಮ್ಮ ಮನೆಯಲ್ಲಿ ಕಾಲು ಚಾಚಲು ದಿಕ್ಕೇ ಇರಲಿಲ್ಲ. ಮನೆ ಚಿಕ್ಕದಾಗಿತ್ತು ಎಂಬುದು ನಿಜ, ಆದರೆ ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರ ಮನೆ ದೊಡ್ಡದಿತ್ತು? ನಮ್ಮ ತೊಂದರೆ ಜಾಗದ್ದಲ್ಲ, ಮರ್ಯಾದೆಯದು. ನಡುಮನೆಯ ಪೂರ್ವದ ಗೋಡೆಗೆ ದೇವರ ಜಗಲಿ, ಅದರ ಮೇಲೆ ಮಲ್ಲಯ್ಯ. ಪಶ್ಚಿಮದ ಗೋಡೆಯ ಮೇಲೆ ಹಾರ ಹಾಕಿಸಿಕೊಂಡ ಮುತ್ತ್ಯಾ, ಅಂದರೆ ಅಪ್ಪನ ಅಪ್ಪ. ಫೋಟೋದಲ್ಲೂ ಯಾರನ್ನೋ ಗದರಿಸಲು ಬಾಯಿ ತೆರೆಯುವವನಂತೆ ಕೂತಿದ್ದ. ಉತ್ತರಕ್ಕೆ ನಾಲ್ಕು ಮಗ್ಗಗಳ ಶೆಡ್ಡು. ಅನ್ನ ಕೊಡುವ ಮಗ್ಗಕ್ಕೆ ಅಂಗಾಲು ತೋರಿಸಿದವನನ್ನು ಆಯಿ ಮನುಷ್ಯರ ಸಾಲಿಗೆ ಸೇರಿಸುತ್ತಿರಲಿಲ್ಲ. ಉಳಿದದ್ದು ದಕ್ಷಿಣ, ಅಲ್ಲಿ ಯಮ. ಆಯಿ ಎಂದರೆ ಅಪ್ಪನ ತಾಯಿ, ಈ ನಾಲ್ಕೂ ದಿಕ್ಕುಗಳ ಕಾವಲುಗಾರ್ತಿ. ಹೀಗಾಗಿ ನಾವೆಲ್ಲ ಮೊಣಕಾಲು ಮಡಚಿ ಮಲಗುವುದನ್ನು ಮಾತು ಕಲಿಯುವ ಮೊದಲೇ ಕಲಿತೆವು. ನಿದ್ದೆಯಲ್ಲಿ ಯಾರ ಕಾಲಾದರೂ ತಾನಾಗಿ ಚಾಚಿಕೊಂಡರೆ ಅದು ದೇವರ ಲೆಕ್ಕಕ್ಕೆ ಬರುವುದಿಲ್ಲ ಎಂದು ಆಯಿಯೇ ರಿಯಾಯಿತಿ ಕೊಟ್ಟಿದ್ದಳು. ಎಚ್ಚರವಿದ್ದು ಚಾಚಿದರೆ ಮಾತ್ರ ಅಪರಾಧ. ಈಗ ನನ್ನ ಅರ್ಧ ಕೂದಲು ನೆರೆತಿದೆ, ಆರಡಿ ಉದ್ದದ ಮಂಚವಿದೆ, ಆದರೂ ಮಂಚದ ಕೆಳಗಿನ ಅರ್ಧವನ್ನು ನಾನು ಬಳಸಿಯೇ ಇಲ್ಲ.

ಮನೆಯ ನಿಜವಾದ ಯಜಮಾನ ಮುತ್ತ್ಯಾನೂ ಅಲ್ಲ, ಮಲ್ಲಯ್ಯನೂ ಅಲ್ಲ, ಕರೆಂಟು. ಕರೆಂಟಿದ್ದಾಗ ಮಗ್ಗ ಓಡುತ್ತಿದ್ದವು, ಮಗ್ಗ ಓಡುವಾಗ ಮನೆಯಲ್ಲಿ ಮಾತಿರಲಿಲ್ಲ, ಬರೀ ಕೈಸನ್ನೆ. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ಐದು ಬೆರಳು ಕೂಡಿಸಿ ಬಾಯಿಗೆ ತೋರಿಸಿದರೆ ಊಟ. ಹೆಬ್ಬೆರಳನ್ನು ಹಿಂದಕ್ಕೆ ತಿರುಗಿಸಿದರೆ ಯಾರೋ ಬಂದಿದ್ದಾರೆ. ತುಟಿ ಬಿಗಿದು ಕಣ್ಣು ಅಗಲಿಸಿದರೆ ಬಂದವರು ಅಪ್ಪನ ಅಕ್ಕ. ಎಲ್ಲವನ್ನೂ ಸನ್ನೆಯಲ್ಲಿ ಹೇಳಬಹುದಿತ್ತು, ಜಗಳವೊಂದನ್ನು ಬಿಟ್ಟು. ಆದ್ದರಿಂದ ಜಗಳಗಳನ್ನೆಲ್ಲ ಕೂಡಿಟ್ಟುಕೊಂಡು ಕರೆಂಟು ಹೋಗುವುದನ್ನೇ ಕಾಯುತ್ತಿದ್ದೆವು. ನಾಲ್ಕೂ ಮಗ್ಗ ಒಮ್ಮೆಲೇ ನಿಂತು, ಕಿವಿಯೊಳಗಿನ ಗುಂಯ್ ಎನ್ನುವ ಸದ್ದು ಇಳಿಯುವ ಮೊದಲೇ ಅವ್ವ ಬೆಳಗಿನ ಉಪ್ಪಿನ ವಿಷಯ ತೆಗೆಯುವಳು. ಆಯಿ ಅದಕ್ಕೆ ಅವ್ವನ ಮದುವೆಯ ಕಾಲದ ಸೀರೆಯ ವಿಷಯದಿಂದ ಉತ್ತರ ಕೊಡುವಳು. ಕರೆಂಟು ಬಂದೊಡನೆ ಜಗಳ ಅರ್ಧ ವಾಕ್ಯದಲ್ಲಿ ನಿಲ್ಲುತ್ತಿತ್ತು. ಉಳಿದ ಅರ್ಧವನ್ನು ಇಬ್ಬರೂ ಮರೆಯದೆ ಮುಂದಿನ ಸಲ ಅಲ್ಲಿಂದಲೇ ಎತ್ತಿಕೊಳ್ಳುತ್ತಿದ್ದರು.

ಈ ಗದ್ದಲದ ನಡುವೆ ಅಪ್ಪ ನಿಂತಿರುತ್ತಿದ್ದ. ಅಪ್ಪನ ಬಗ್ಗೆ ಹೇಳಬೇಕಾದ ಮೊದಲ ಮಾತೇ ಅದು. ಎರಡು ಮಗ್ಗ ಈ ಕಡೆ, ಎರಡು ಆ ಕಡೆ, ನಡುವೆ ಒಬ್ಬ ಮನುಷ್ಯ ತಿರುಗಲು ಸಾಲುವಷ್ಟು ಸಂದು. ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ನಿಂತು, ಹರಿದ ಎಳೆ ಹುಡುಕಿ ಗಂಟು ಹಾಕಿ, ಲಾಳಿಯಲ್ಲಿ ಮುಗಿದ ಕಂಡಿಕೆ ತೆಗೆದು ಹೊಸದು ತುರುಕಿ, ಮತ್ತೆ ಈ ಕಡೆ ತಿರುಗುವುದು. ಲಾಳಿ ಎಂದರೆ ಮಗ್ಗದಲ್ಲಿ ಅತ್ತಿಂದಿತ್ತ ಓಡುವ ಮರದ ತುಂಡು, ಕಂಡಿಕೆ ಎಂದರೆ ಅದರೊಳಗೆ ಕೂರುವ, ಅಡ್ಡನೂಲು ಸುತ್ತಿದ ಕಡ್ಡಿ. ಅದನ್ನು ಸುತ್ತುವುದು ಆಯಿ ಮತ್ತು ಅವ್ವನ ಪಾಲು. ಅಪ್ಪ ಕೂತದ್ದನ್ನು ನಾನು ಊಟದ ಹೊತ್ತಿನಲ್ಲಿ ಮಾತ್ರ ನೋಡಿದ್ದೆ, ಅದೂ ರೊಟ್ಟಿಯ ಕೊನೆಯ ತುತ್ತನ್ನು ಏಳುತ್ತಲೇ ಬಾಯಿಗಿಡುತ್ತಿದ್ದ. ಶೇಂಗಾ ಹಿಂಡಿಯ ಮೇಲೆ ಹತ್ತಿಯ ಎಳೆ ಬಂದು ಕೂತಿರುತ್ತಿತ್ತು, ಅದನ್ನು ಊದಿ ತಿನ್ನುವುದು ನಮಗೆ ಅಭ್ಯಾಸ. ಅಪ್ಪನ ಪ್ಯಾಂಟು ಎಂಥ ಬೇಸಿಗೆಯಲ್ಲೂ ಪಾದದವರೆಗೆ ಇಳಿದಿರುತ್ತಿತ್ತು. ಓಣಿಯ ಗಂಡಸರೆಲ್ಲ ಮೊಣಕಾಲಿಗೆ ಲುಂಗಿ ಎತ್ತಿ ಕಟ್ಟಿ ಅಡ್ಡಾಡುವಾಗ ನಮ್ಮಪ್ಪನೊಬ್ಬ ಸಾಹೇಬರಂತೆ ಇರುತ್ತಾನೆಂದು ನನಗೆ ಒಳಗೊಳಗೇ ಹೆಮ್ಮೆಯಿತ್ತು.

ಆ ವರ್ಷ ವಿಜ್ಞಾನ ಕಲಿಸುವ ಅಕ್ಕೋರು ಹೊಸಬರು, ದಿನಾ ಮುಧೋಳದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಅವರು ಹಲಗೆಯ ಮೇಲೆ ಒಬ್ಬ ಮನುಷ್ಯನನ್ನು ಬರೆದು, ಅವನ ತುಂಬ ಕೆಂಪು ಮತ್ತು ನೀಲಿ ಸೀಮೆಸುಣ್ಣದಿಂದ ಗೆರೆ ಎಳೆದರು. ಹೃದಯದಿಂದ ಹೊರಡುವವು ಅಪಧಮನಿಗಳು, ಅವುಗಳ ಗೋಡೆ ದಪ್ಪ, ಹಿಗ್ಗಿ ಕುಗ್ಗುವಂಥವು, ಏಕೆಂದರೆ ಹೃದಯ ರಕ್ತವನ್ನು ಜೋರಾಗಿ ತಳ್ಳುತ್ತದೆ. ಹಿಂದಿರುಗುವವು ಅಭಿಧಮನಿಗಳು, ಅವುಗಳ ಗೋಡೆ ತೆಳು, ಒತ್ತಡ ಕಡಿಮೆ, ಆದ್ದರಿಂದ ಏರುವ ರಕ್ತ ಹಿಂದಕ್ಕೆ ಜಾರದಂತೆ ಒಳಗೆ ಸಣ್ಣ ಕವಾಟಗಳು. ಇವೆರಡರ ನಡುವೆ ಕೂದಲಿಗಿಂತ ತೆಳ್ಳಗಿನ ಲೋಮನಾಳಗಳು, ಅವುಗಳಲ್ಲಿ ರಕ್ತಕಣಗಳು ಒಂದರ ಹಿಂದೊಂದು ಹೋಗಬೇಕು. ಇದು ನನಗೆ ತಕ್ಷಣ ಹೊಳೆಯಿತು, ನಮ್ಮ ಓಣಿಯಲ್ಲಿ ನೂಲಿನ ಚೀಲ ಹೊತ್ತ ಇಬ್ಬರು ಎದುರಾದರೆ ಒಬ್ಬರು ಯಾರದೋ ಕಟ್ಟೆ ಹತ್ತಿ ನಿಲ್ಲಬೇಕಿತ್ತು. ನಮ್ಮ ಮನೆಯಲ್ಲಿ ಇವೆಲ್ಲಕ್ಕೂ ಒಂದೇ ಹೆಸರು, ನರ. ತಲೆ ನೋವು ಬಂದರೂ ನರ, ಕೈ ಜೋಮು ಹಿಡಿದರೂ ನರ, ಅತ್ತೆ ಊರಿನಿಂದ ಬಂದರೂ ಅವ್ವನಿಗೆ ನರ ಎಳೆಯುತ್ತಿತ್ತು. ಈಗ ಮೂರು ಹೆಸರು ಕಲಿತು ಬಂದ ನಾನು ಸುಮ್ಮನಿರುತ್ತೇನೆಯೇ? ಮನೆಯವರ ಮುಂಗೈಗಳನ್ನು ಬೆಳಕಿಗೆ ಹಿಡಿದು ತಪಾಸಣೆ ಶುರು ಮಾಡಿದೆ.

ಇದಕ್ಕೆ ಆಯಿಯ ಕೈಯಷ್ಟು ಒಳ್ಳೆಯ ಕೈ ಊರಲ್ಲೇ ಇರಲಿಲ್ಲ. ಚರ್ಮ ತೆಳ್ಳಗಾಗಿ, ನೀಲಿ ನರಗಳು ಎದ್ದು ನಿಂತಿದ್ದವು. ಅಕ್ಕೋರು ತೋರಿಸಿದ್ದಂತೆ, ಒಂದು ನರವನ್ನು ಬೆರಳಿನ ಕಡೆ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ಅದನ್ನು ಮೊಣಕೈಯತ್ತ ಸವರಿದೆ. ನಡುವಿನ ನರ ಬತ್ತಿಹೋಯಿತು. ಮೇಲಿನಿಂದ ಒಂದು ಹನಿಯೂ ಇಳಿದು ಬರಲಿಲ್ಲ. ಕೆಳಗಿನ ಬೆರಳು ಬಿಟ್ಟೆ, ಸರ್ರೆಂದು ತುಂಬಿಕೊಂಡಿತು.

“ಇನ್ನೊಮ್ಮಿ ಮಾಡು,” ಎಂದಳು ಆಯಿ.

ಹತ್ತು ಸಲ ಮಾಡಿಸಿಕೊಂಡಳು. ಆಮೇಲೆ ಪಕ್ಕದ ಮನೆಯವರನ್ನು ಕರೆದು, ಅವರ ಎದುರು ಮತ್ತೊಮ್ಮೆ ಮಾಡಿಸಿಕೊಂಡಳು.

“ಒಳಗ ಬಾಗಲಾ ಅದಾವಂತ ನೋಡ್ರಿ. ಹೋಗಾಕ ಬಿಡ್ತಾವು, ಹಿಂದ ಬರಾಕ ಬಿಡಂಗಿಲ್ಲ. ನಮ್ಮ ಕಸ್ತೂರಿ ಕಂಡ ಹಿಡದಾಳು.”

ಕಂಡು ಹಿಡಿದವಳು ನಾನಲ್ಲ ಎಂದು ಹೇಳಲು ನನಗೇನೂ ಅವಸರವಿರಲಿಲ್ಲ.

ಅಪ್ಪ ಮಾತ್ರ ಕೈ ಕೊಟ್ಟ, ಕಾಲು ಕೇಳಿದಾಗ ಎದ್ದು ಹೋದ. ಕಾಲು ನನಗೆ ಕಂಡದ್ದು ಬೇರೆ ರೀತಿ. ಒಂದು ಮಧ್ಯಾಹ್ನ ಓಡುತ್ತಿದ್ದ ಮಗ್ಗದಿಂದ ಲಾಳಿ ಜಿಗಿದು ಹೊರಗೆ ಹಾರಿತು. ಲಾಳಿಯ ಎರಡೂ ತುದಿಗೆ ಕಬ್ಬಿಣದ ಮೊನೆ ಇರುತ್ತದೆ, ಅದು ಅಪ್ಪನ ಕಣಕಾಲಿನ ಒಳಮೈಗೆ ತಾಗಿತು. ಇಷ್ಟೇ ಇಷ್ಟು ಗಾಯ, ಆದರೆ ರಕ್ತ ನಿಲ್ಲಲೊಲ್ಲದು. ಅವ್ವ ಓಡಿ ಬಂದು ಪ್ಯಾಂಟು ಮೇಲಕ್ಕೆ ಎತ್ತಿದಳು. ಮೊಣಕಾಲಿನಿಂದ ಪಾದದವರೆಗೆ ಉಬ್ಬಿ, ಸೊಟ್ಟಸೊಟ್ಟಗೆ ಹೆಣೆದುಕೊಂಡ ನೀಲಿ ನರಗಳು. ಕಣಕಾಲಿನ ಸುತ್ತ ಚರ್ಮ ಕಪ್ಪಿಟ್ಟು ಹೋಗಿತ್ತು. ಅಪ್ಪ ಸಾಹೇಬನಂತೆ ಏಕೆ ಇರುತ್ತಿದ್ದನೆಂದು ಆಗ ತಿಳಿಯಿತು, ನನ್ನ ಹೆಮ್ಮೆಯ ಬಗ್ಗೆ ನನಗೇ ನಾಚಿಕೆಯಾಯಿತು. ಆದರೂ ಸತ್ಯ ಹೇಳಬೇಕು, ಆ ಹೊತ್ತಿನಲ್ಲಿ ನನ್ನ ಬಾಯಿಂದ ಬಂದ ಮೊದಲ ಮಾತು, ರಕ್ತ ಕೆಂಪಗೇ ಇದೆಯಲ್ಲ, ನೀಲಿ ಎಲ್ಲಿ, ಎಂಬುದು. ಅವ್ವ ನನಗೆ ಕೊಟ್ಟ ಏಟು ಕರೆಂಟಿದ್ದಾಗಲೂ ಕೇಳಿಸಿತಂತೆ.

ರಕ್ತ ನಿಂತಿತು, ಗಾಯ ಮಾಯಲಿಲ್ಲ. ಆಯಿ ಅರಿಶಿನ ಮೆತ್ತಿದಳು, ಆಮೇಲೆ ಯಾವುದೋ ಎಲೆ ಅರೆದು ಹಚ್ಚಿದಳು. ಗಾಯ ಒಣಗುವ ಬದಲು ನೀರೊಡೆದು ಅಗಲವಾಯಿತು. ಕೊನೆಗೆ ಅವ್ವ ಹಟ ಹಿಡಿದು ಅಪ್ಪನನ್ನು ಜಮಖಂಡಿಯ ಡಾಕ್ಟರ ಹತ್ತಿರ ಕರೆದೊಯ್ದಳು. ಕವಾಟದ ವಿಷಯ ಬಲ್ಲವಳೆಂದು ನನ್ನನ್ನೂ ಜೊತೆಗೆ ಹೊರಡಿಸಿದಳು. ಡಾಕ್ಟರು ವಯಸ್ಸಾದವರು, ಅವಸರವಿಲ್ಲದ ಮನುಷ್ಯ.

“ದಿನಕ್ಕ ಎಷ್ಟು ತಾಸು ನಿಂದರ್ತೀರಿ?”

“ನಿಂದರಂಗಿಲ್ಲರಿ,” ಎಂದ ಅಪ್ಪ. “ಕೆಲಸಾ ಮಾಡ್ತೀನ್ರಿ.”

“ಕೆಲಸಾ ನಿಂತ ಮಾಡ್ತೀರೋ, ಕುಂತ ಮಾಡ್ತೀರೋ?”

“ಮಗ್ಗದ ಮುಂದ ಯಾರರ ಕುಂದರ್ತಾರೇನ್ರಿ?”

ಡಾಕ್ಟರು ಕೈ ತೊಳೆದು ಬಂದು ನಿಧಾನವಾಗಿ ಹೇಳಿದರು. ಕಾಲಿನ ರಕ್ತ ಎದೆಗೆ ಏರಬೇಕಾದರೆ ಮೀನಖಂಡ ಅದನ್ನು ಹಿಂಡಿ ಮೇಲಕ್ಕೆ ತಳ್ಳಬೇಕು. ಅಡ್ಡಾಡಿದರೆ ಅದು ಹಿಂಡುತ್ತದೆ, ಒಂದೇ ಕಡೆ ನಿಂತರೆ ಇಲ್ಲ. ವರ್ಷಗಟ್ಟಲೆ ನಿಂತು ಕವಾಟಗಳು ಸಡಿಲವಾಗಿವೆ, ಏರಿದ್ದು ಜಾರಿ ಕೆಳಗೇ ನಿಲ್ಲುತ್ತಿದೆ, ಹಳೆಯ ರಕ್ತ ನಿಂತಲ್ಲಿ ಗಾಯ ಮಾಯುವುದಿಲ್ಲ. ಹಿಗ್ಗುವ ಪಟ್ಟಿಯೊಂದನ್ನು ಕೊಟ್ಟು, ಬೆರಳಿನ ಕಡೆಯಿಂದ ಮೇಲಕ್ಕೆ ಸುತ್ತಬೇಕೆಂದರು. ದಿನಕ್ಕೆ ಮೂರು ಸಲ, ಸಲಕ್ಕೆ ಇಪ್ಪತ್ತು ನಿಮಿಷ, ಮಲಗಿಕೊಂಡು ಕಾಲನ್ನು ಎದೆಗಿಂತ ಎತ್ತರಕ್ಕೆ ಇಡಬೇಕೆಂದರು.

“ಒಂದ ತಿಂಗಳ ಬಿಟ್ಟು ಬರ್ರಿ. ಗಾಯ ಅರ್ಧಕ್ಕರ ಬಂದಿರಬೇಕು. ಬರಲಿಲ್ಲಂದ್ರ ಆಪರೇಶನ್‌ಗೆ ಮಿರಜಿಗಿ ಹೋಗಬೇಕಾಗತೈತಿ, ಮಗ್ಗಾನೂ ಬಿಡಬೇಕಾಗತೈತಿ.”

ಅಪ್ಪನ ಕಿವಿಗೆ ಬಿದ್ದದ್ದು ಕೊನೆಯ ಮಾತೊಂದೇ. ಹಿಂದಿರುಗುವ ಬಸ್ಸಿನಲ್ಲಿ ಅರ್ಧ ಸೀಟು ಖಾಲಿ ಇದ್ದರೂ ಕಂಬ ಹಿಡಿದು ನಿಂತೇ ಬಂದ. ಕೂಡ್ರಿ ಎಂದು ಅವ್ವ ಎರಡು ಸಲ ಹೇಳಿದಳು. ಮಗ್ಗ ಬಿಟ್ಟ ನೇಕಾರ ಏನು ಮಾಡುತ್ತಾನೆ ಎಂದು ನಾನೂ ಯೋಚಿಸಿದೆ. ಹನ್ನೊಂದನೆಯ ವಯಸ್ಸಿಗೆ ಮಗ್ಗದ ಮುಂದೆ ನಿಂತವನು ಅಪ್ಪ. ಬೇರೆ ಯಾವ ಕೆಲಸದ ಹೆಸರೂ ಅವನ ಬಾಯಲ್ಲಿ ನಾನು ಕೇಳಿರಲಿಲ್ಲ.

ಮೊದಲ ಎಡವಟ್ಟು ಪಟ್ಟಿಯಿಂದ ಆಯಿತು. ಮನೆಗೆ ಬಂದವನೇ ಅಪ್ಪ ಅದನ್ನು ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಎಳೆದ. ಅದು ಮಾರುದ್ದ ಹಿಗ್ಗಿತು. ಅಪ್ಪನ ಮುಖ ನೋಡಬೇಕಿತ್ತು.

“ಜಗ್ಗಿದ್ರ ಹಿಗ್ಗೂದು ಅದೆಂಥಾ ಅರಬಿ? ಹಾಸು ಸರಿ ಇಲ್ಲ, ಹೊಕ್ಕು ಸರಿ ಇಲ್ಲ. ಇಂಥಾದ್ದು ನಾ ನೇದಿದ್ರ ಸಾವಕಾರ ನನ್ನ ಮಾರಿಮ್ಯಾಲ ಒಗೀತಿದ್ದ.”

ನೇಕಾರನ ಕಾಲಿಗೆ ಇಂಥ ಕಳಪೆ ಬಟ್ಟೆಯೇ, ಎಂದುಕೊಂಡು ತಾನೇ ನೇಯ್ದ ದಟ್ಟ ಬಟ್ಟೆಯಿಂದ ಉದ್ದಕ್ಕೆ ಒಂದು ಪಟ್ಟಿ ಹರಿದ. ಅವ್ವನ ಕೈಯಲ್ಲಿ ಅಂಚು ಹೊಲಿಸಿದ. ಗಂಜಿ ಹಾಕಿ ಒಣಗಿಸಿದ. ಎಳೆದರೆ ಕೂದಲೆಳೆಯಷ್ಟೂ ಹಿಗ್ಗದ ಆ ಪಟ್ಟಿಯನ್ನು, ಜಾರಬಾರದೆಂದು ಮೊಣಕಾಲಿನ ಕೆಳಗೆ ಬಿಗಿಯಾಗಿ ಕಟ್ಟಿ ಅಲ್ಲಿಂದ ಕೆಳಗಿಳಿಸುತ್ತ ಬಂದ. ನೋಡಲು ಬಹಳ ಚಂದ ಕಾಣುತ್ತಿತ್ತು, ಓಣಿಯ ನಾಲ್ಕು ಜನ ಬಂದು ಮೆಚ್ಚಿ ಹೋದರು. ಎರಡು ದಿನದಲ್ಲಿ ಪಾದ ಊದಿ ಚಪ್ಪಲಿಗೆ ಹಿಡಿಸದಾಯಿತು, ಬೆರಳುಗಳು ಬದನೆಕಾಯಿ ಬಣ್ಣಕ್ಕೆ ತಿರುಗಿದವು.

ಮೂರನೆಯ ದಿನ ಚಿಕ್ಕಪಡಸಲಗಿಯಿಂದ ಬಸುಮಾಮಾ ಬಂದ. ಅವ್ವನ ತಮ್ಮ, ಹೊಳೆಯ ದಂಡೆಯ ಹೊಲ, ಪಂಪಿನ ಜೊತೆಯೇ ಬದುಕು. ತಂದ ಸವತೆಕಾಯಿ ಚೀಲವನ್ನು ಇಳಿಸುವ ಮೊದಲೇ ಕಾಲು ನೋಡಿ ಕೆಳಗೆ ಕೂತುಬಿಟ್ಟ. ಡಾಕ್ಟರು ಹೇಳಿದ್ದನ್ನೆಲ್ಲ ಅವ್ವ ಹೇಳಿದಳು, ಕವಾಟದ ಪಾಠವನ್ನು ನಾನು ಒಪ್ಪಿಸಿದೆ.

“ಮಾವಾರ, ನಿಮ್ಮ ಕಾಲಾಗ ಫುಟ್‌ವಾಲ್ ಹೋಗೈತಿ,” ಎಂದ.

ಫುಟ್‌ವಾಲ್ ಎಂದರೆ ಹೊಳೆಗೆ ಇಳಿಬಿಟ್ಟ ಪೈಪಿನ ತುದಿಯಲ್ಲಿರುವ ಬಾಗಿಲು. ನೀರನ್ನು ಮೇಲಕ್ಕೆ ಬಿಡುತ್ತದೆ, ಕೆಳಕ್ಕೆ ಬಿಡುವುದಿಲ್ಲ. ಅದು ಸೋರತೊಡಗಿದರೆ ಪಂಪು ಎಷ್ಟು ಕೂಗಿದರೂ ಹೊಲಕ್ಕೆ ನೀರು ಏರುವುದಿಲ್ಲ.

“ಅದರ ಮ್ಯಾಲ ನೀವು ಮೊಣಕಾಲಿಗಿ ಗೇಟ್ ಹಾಕೀರಿ. ಮ್ಯಾಲ ಹೋಗೂ ನೀರು ಎಲ್ಲಿ ಹೋಗಬೇಕು? ಕೆಳಗ ಹೊಲಾ ನೀರ ನಿಂತ ಜವಳ ಹಿಡದೈತಿ ನೋಡ್ರಿ. ಬಿಚ್ಚರಿ ಅದನ್ನ.”

ನಾನು ಮೂರು ದಿನ ಪುಸ್ತಕ ಹಿಡಿದುಕೊಂಡು ತಿಳಿಸಲಾಗದ್ದನ್ನು, ಏಳನೆಯ ಇಯತ್ತೆಯಲ್ಲಿ ಎರಡು ಸಲ ಕೂತ ಬಸುಮಾಮಾ ಒಂದು ಉಸಿರಿನಲ್ಲಿ ತಿಳಿಸಿದ. ನನಗೆ ಹೊಟ್ಟೆ ಉರಿಯಿತು, ಸುಳ್ಳೇಕೆ. ಅಪ್ಪ ತನ್ನ ಚಂದದ ಪಟ್ಟಿ ಬಿಚ್ಚಿಸಿಕೊಂಡು, ಡಾಕ್ಟರ ಕಳಪೆ ಬಟ್ಟೆಯನ್ನು ಬೆರಳಿನಿಂದ ಮೇಲಕ್ಕೆ ಸುತ್ತಿಸಿಕೊಂಡ. ಊತ ಇಳಿಯಿತು. ಗಾಯ ಮಾತ್ರ ಇದ್ದಲ್ಲೇ ಇತ್ತು, ಏಕೆಂದರೆ ಅರ್ಧ ಔಷಧ ಇನ್ನೂ ಬಾಕಿ ಇತ್ತು, ಕಾಲು ಎತ್ತಿ ಇಡುವುದು.

ಪೂರ್ವದ ದೇವರ ಕಡೆ, ಉತ್ತರದ ಮಗ್ಗದ ಕಡೆ ಕಾಲು ಎತ್ತುವ ಮಾತನ್ನು ಯಾರೂ ಆಡಲಿಲ್ಲ. ಪಶ್ಚಿಮಕ್ಕೆ ಎತ್ತಿದಾಗ ಆಯಿ ಹೋಗಿ ಮುತ್ತ್ಯಾನ ಫೋಟೋದ ಕೆಳಗೆ ನಿಂತಳು, ಅಷ್ಟಕ್ಕೇ ಅಪ್ಪ ಕಾಲು ಇಳಿಸಿದ. ಫೋಟೋವನ್ನು ಇನ್ನೊಂದು ಗೋಡೆಗೆ ಹಾಕೋಣ ಎಂದು ಅವ್ವ ಹೇಳಿ, ಎರಡು ಸಲ ಕರೆಂಟು ಹೋಗಿ ಬರುವಷ್ಟು ಕಾಲದ ಜಗಳವನ್ನು ಮೈಮೇಲೆ ಎಳೆದುಕೊಂಡಳು. ದಕ್ಷಿಣಕ್ಕೆ ಎತ್ತಿದರೆ ಮಗ ತಾನಾಗಿ ಯಮನ ಬಾಗಿಲು ಒದ್ದಂತೆ. ಅಪ್ಪ ಮಾಳಿಗೆಯ ಮೇಲೆ ಹೋಗಿ ಮಲಗಿ, ನೂಲಿನ ಚೀಲದ ಮೇಲೆ ಕಾಲಿಟ್ಟು ನೋಡಿದ. ನಮ್ಮಪ್ಪ ಸಂಗಪ್ಪ ಬಿದ್ದನೇನೋ ಎಂದು ಸುತ್ತಲಿನ ಮಾಳಿಗೆಯವರೆಲ್ಲ ಇಣುಕಿದರು, ಕೆಳಗಿನಿಂದ ಆಯಿಯ ದನಿ ಕೇಳಿತು.

“ಸೂರ್ಯನಾರಾಯಣಗ ಕಾಲ ತೋರಸ್ತಿಯೇನಲೇ ಸಂಗ್ಯಾ?”

ಬಸುಮಾಮಾ ತೊಲೆಗೆ ಹಗ್ಗ ಕಟ್ಟಿ, ಅದರಲ್ಲಿ ಎರಡೂ ಕಾಲು ಸಿಕ್ಕಿಸಿ ನೆಟ್ಟಗೆ ಮೇಲಕ್ಕೆ ಇಡುವ ಉಪಾಯ ಹೇಳಿದ. ಮೇಲೆ ಎಲ್ಲ ದೇವರೂ ಇದ್ದಾರೆ ಎಂದಳು ಆಯಿ. ಕೊನೆಗೆ ಅವ್ವ, ನಾನೇ ಜಗಲಿಗೆ ಬೆನ್ನು ಮಾಡಿ ಕೂತು ತೊಡೆಯ ಮೇಲೆ ಕಾಲು ಇಟ್ಟುಕೊಳ್ಳುತ್ತೇನೆ ಎಂದಳು.

“ನೀ ಕುಂತ್ರೂ ನಿನ್ನ ಹಿಂದ ಮಲ್ಲಯ್ಯ ಇರಾಂವನ ಅಲ್ಲ?”

ಅಪ್ಪ ಒಂದು ಸಲವೂ ಎದುರು ಮಾತಾಡಲಿಲ್ಲ. ಮುತ್ತ್ಯಾ ಸತ್ತ ಮೇಲೆ ಕಂಡಿಕೆ ಸುತ್ತಿ ಸುತ್ತಿ ತನ್ನನ್ನು ದೊಡ್ಡವನನ್ನಾಗಿ ಮಾಡಿದ ತಾಯಿಗೆ ಅವನು ಯಾವತ್ತೂ ಎದುರು ಮಾತಾಡಿದವನಲ್ಲ. ಹೀಗೆ ಹದಿಮೂರು ದಿನ ಹೋದವು. ನನಗೆ ಆಯಿಯ ಮೇಲೆ ವಿಪರೀತ ಸಿಟ್ಟು ಬಂತು. ಮಗ್ಗವೂ ಹೋಗಿ, ಅಪ್ಪನ ಕಾಲೂ ಹೋದರೆ ಈ ದಿಕ್ಕುಗಳನ್ನು ಇಟ್ಟುಕೊಂಡು ಏನು ಮಾಡುತ್ತಾಳೆ ಎಂದುಕೊಂಡು ಅವಳ ಪಕ್ಕದಲ್ಲಿ ಊಟಕ್ಕೆ ಕೂರುವುದನ್ನು ಬಿಟ್ಟೆ. ಆಯಿ ಅದನ್ನು ಗಮನಿಸಿದಳು. ಅವಳ ರೊಟ್ಟಿ ಅರ್ಧ ಉಳಿಯತೊಡಗಿತ್ತು, ಅದನ್ನು ನಾನೂ ಗಮನಿಸಿದೆ.

ಹದಿನಾಲ್ಕನೆಯ ದಿನ ಶಾಲೆಯಿಂದ ಬಂದವಳು, ಉಳಿಕೆ ನೂಲಿನ ಬುಟ್ಟಿಯಿಂದ ಕೆಂಪು ಮತ್ತು ನೀಲಿ ಎಳೆ ಆರಿಸಿ, ಆಯಿ ಕಂಡಿಕೆ ಸುತ್ತುತ್ತಿದ್ದ ರಾಟೆಯ ಮುಂದೆಯೇ ನೆಲದ ಮೇಲೆ ಹಾಸಿದೆ. ಕರೆಂಟು ಇರಲಿಲ್ಲ, ಮಾತಾಡಬಹುದಿತ್ತು. ಇದು ಎದೆ, ಇದು ಕಾಲು, ಕೆಂಪು ಇಳಿದು ಹೋಗುವುದು, ನೀಲಿ ಏರಿ ಬರುವುದು ಎಂದೆ. ಆಯಿ ರಾಟೆ ನಿಲ್ಲಿಸಿದಳು.

“ಕೆಂಪು ಎಲ್ಲಿ ಮುಗದು ನೀಲಿ ಎಲ್ಲಿ ಹತ್ತತೈತಿ?”

“ಬೆರಳ ತುದ್ಯಾಗ. ಭಾಳ ಸಣ್ಣ ನಾಳ ಅದಾವ, ಕಣ್ಣಿಗಿ ಕಾಣಂಗಿಲ್ಲ.”

“ಅಲ್ಲಿ ಗಂಟ ಹಾಕಿರ್ತೈತೇನು?”

“ಇಲ್ಲ ಆಯಿ. ಒಂದ ಎಳಿ.”

ಜೀವಮಾನವೆಲ್ಲ ಹರಿದ ನೂಲಿಗೆ ಗಂಟು ಹಾಕಿದವಳು ಆಯಿ. ಎದೆಯಿಂದ ಹೊರಟು ಕಾಲಬೆರಳಿಗೆ ಹೋಗಿ, ಒಂದೂ ಗಂಟಿಲ್ಲದೆ ಮತ್ತೆ ಎದೆಗೆ ಬರುವ ಎಳೆಯನ್ನು ಅವಳು ಬಹಳ ಹೊತ್ತು ನೋಡಿದಳು.

“ಈಗ ಎಲ್ಲಿ ನಿಂತೈತಿ?”

ನಾನು ನೀಲಿ ಎಳೆಯ ಮೇಲೆ, ಕಣಕಾಲಿನ ಜಾಗದಲ್ಲಿ ಬೆರಳಿಟ್ಟೆ.

“ಅಲ್ಲಿಂದ ಎದಿಗಿ ಬರಾಕ ಆಗವಲ್ದು?”

“ಆಗವಲ್ದು. ಕಾಲ ಎತ್ತರ ಮಾಡಿದ್ರ ತಾನ ಇಳದ ಬರತೈತಿ.”

“ನೂಲ ಹಾಳ ಮಾಡಬ್ಯಾಡ, ಸುತ್ತಿಡು,” ಎಂದು ಆಯಿ ಮತ್ತೆ ರಾಟೆ ತಿರುಗಿಸಿದಳು. ನಾನು ಸೋತೆನೆಂದುಕೊಂಡು ಸುತ್ತಿಟ್ಟೆ.

ಮರುದಿನ ಭಾನುವಾರ, ಮಧ್ಯಾಹ್ನ ಊಟವಾದ ಮೇಲೆ ಕರೆಂಟು ಹೋಯಿತು. ಅವ್ವ ಜಗಳಕ್ಕೆ ಸಿದ್ಧವಾಗಿ ಅಡುಗೆಮನೆಯಿಂದ ಬಂದಳು. ಆದರೆ ಆಯಿ ಆಗಲೇ ಜಗಲಿಗೆ ಬೆನ್ನು ಕೊಟ್ಟು, ಕಾಲು ಮಡಚಿ ಕೂತು, ತೊಡೆಯ ಮೇಲೆ ಒಂದು ತಲೆದಿಂಬು ಇಟ್ಟುಕೊಂಡಿದ್ದಳು.

“ಸಂಗ್ಯಾ, ಇಲ್ಲಿ ಬಾ. ಮಲಗು. ಕಾಲ ಇದರ ಮ್ಯಾಲ ಇಡು.”

ಅಪ್ಪ ಶೆಡ್ಡಿನ ಬಾಗಿಲಲ್ಲಿ ನಿಂತವನು ನಿಂತೇ ಇದ್ದ.

“ಬ್ಯಾಡ ಬೇ ಯವ್ವಾ. ತಾಯಿ ಮ್ಯಾಲ ಕಾಲಿಟ್ರ ನನಗ ಯಾವ ನರಕಾನೂ ಸಾಲಂಗಿಲ್ಲ.”

“ಒಂಬತ್ತ ತಿಂಗಳ ಒಳಗಿಂದ ಒದ್ದೀದಿ. ಆವಾಗ ಯಾವ ದಿಕ್ಕ ಕೇಳಿ ಒದ್ದಿ? ಬಾ ಸುಮ್ಮನ.”

ಅಪ್ಪ ಬಂದ. ಮಲಗಿದ. ಕಾಲು ಎತ್ತಲು ಅವನಿಂದ ಆಗಲಿಲ್ಲ, ಆಯಿಯೇ ಎರಡೂ ಹಿಮ್ಮಡಿ ಹಿಡಿದು ಎತ್ತಿ ದಿಂಬಿನ ಮೇಲೆ ಇಟ್ಟುಕೊಂಡಳು. ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಮುಖದ ಮೇಲೆ ಹಾಕಿಕೊಂಡ. ಅದು ನಾಚಿಕೆಗೆ ಎಂದು ಆಗ ತಿಳಿದಿದ್ದೆ, ಟವೆಲ್ಲು ಒದ್ದೆಯಾಗಿದ್ದನ್ನು ಆಮೇಲೆ ನೋಡಿದೆ. ಮೊದಲು ಬಾಯಿ ತೆರೆದವಳು ಅವ್ವ, ಹದಿನೈದು ದಿನದ ಸಿಟ್ಟು ಅವಳದು.

“ನಾ ಕುಂದರ್ತೀನಿ ಅಂದಾಗ ಮಲ್ಲಯ್ಯಗ ಕಾಲ ಕಾಣತಿದ್ದುವು. ಈಗ ಕಾಣಂಗಿಲ್ಲೇನ್ರಿ ಅತ್ತಿ?”

“ಕಂಡ್ರ ನನ್ನ ಕೇಳ್ತಾನ,” ಎಂದಳು ಆಯಿ. “ನಿನಕಿಂತ ಮದಲಿಂದ ನಾ ಅವನ್ನ ಬಲ್ಲೆ.”

ಹತ್ತು ನಿಮಿಷಕ್ಕೇ ಕರೆಂಟು ಬಂದು ಬಲ್ಬು ಹತ್ತಿತು. ಅಪ್ಪ ಟವೆಲ್ಲಿನ ಒಳಗಿನಿಂದಲೇ ಅದನ್ನು ಅರಿತು ಏಳಲು ಹೋದ. ಆಯಿ ಎರಡೂ ಕಣಕಾಲು ಹಿಡಿದುಕೊಂಡಳು. ಅವಳ ಬೆರಳುಗಳು ಆ ಉಬ್ಬಿದ ನರಗಳ ಮೇಲಿದ್ದವು, ನಿಧಾನವಾಗಿ ಮೊಣಕಾಲಿನ ಕಡೆ ಸವರುತ್ತಿದ್ದವು. ಅಕ್ಕಪಕ್ಕದ ಮನೆಗಳ ಮಗ್ಗಗಳೆಲ್ಲ ಓಡತೊಡಗಿದವು, ನಮ್ಮ ಮನೆಯ ನಾಲ್ಕು ಮಗ್ಗ ಹಗಲಲ್ಲಿ ಅಪ್ಪನೂ ಕರೆಂಟೂ ಇದ್ದೂ ಸುಮ್ಮನೆ ನಿಂತದ್ದು ಅದೇ ಮೊದಲು. ಏನಾಯಿತೋ ಎಂದು ಪಕ್ಕದ ಮನೆಯವರು ಬಂದು ನೋಡಿ, ಬಾಗಿಲಿನಿಂದಲೇ ಹಿಂದೆ ಸರಿದರು. ಇಪ್ಪತ್ತು ನಿಮಿಷವಾಯಿತೆಂದು ನಾನು ಹೇಳಿದ ಮೇಲೆ ಅಪ್ಪ ಎದ್ದು, ಮೊದಲು ಆಯಿಯ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅದು ದಿನಕ್ಕೆ ಮೂರು ಸಲದ ಕ್ರಮವೇ ಆಯಿತು. ತೊಡೆಯ ಮೇಲೆ ಕಾಲಿಡುವುದು, ಎದ್ದು ಕಾಲು ಮುಟ್ಟುವುದು. ಎರಡನೆಯ ವಾರದ ಹೊತ್ತಿಗೆ ಆಯಿಗೆ ಬೇಸರ ಬಂದು, ದಿನಕ್ಕೊಮ್ಮೆ ಒಟ್ಟಿಗೆ ಮುಟ್ಟಿದರೆ ಸಾಕು ಎಂದಳು. ಅಪ್ಪ ಒಪ್ಪಲಿಲ್ಲ. ತಾಯಿಗೆ ಅವನು ಎದುರು ಮಾತಾಡಿದ್ದನ್ನು ನಾನು ಕೇಳಿದ್ದು ಆಗಲೇ.

ತಿಂಗಳಿಗೆ ಸರಿಯಾಗಿ ಜಮಖಂಡಿಗೆ ಹೋದೆವು. ಡಾಕ್ಟರು ಪಟ್ಟಿ ಬಿಚ್ಚಿ, ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಗಾಯ ಸುತ್ತಲಿನಿಂದ ಒಳಗೆ ಬಂದು, ಅರ್ಧಕ್ಕಿಂತ ಸಣ್ಣದಾಗಿತ್ತು. ಮಗ್ಗ ಬಿಡುವ ಮಾತು ಈಗ ಬೇಡ, ನಡುನಡುವೆ ಅಡ್ಡಾಡುತ್ತಿರಿ ಎಂದರು. ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಅಪ್ಪನ ಉಸಿರು ಜೋರಾಗಿ ಹೊರಗೆ ಬಂದದ್ದು ನನಗೆ ಕೇಳಿಸಿತು. ಡಾಕ್ಟರಿಗೆ ಖುಷಿಯಾಗಿತ್ತು. ಹೇಳಿದ್ದನ್ನು ಇಷ್ಟು ಚೆನ್ನಾಗಿ ಕೇಳುವವರು ನೂರಕ್ಕೊಬ್ಬರು ಎಂದು, ಚೀಟಿ ಬರೆಯುತ್ತಲೇ ವಿಚಾರಿಸಿದರು.

“ಛಲೋ ಎತ್ತರಕ್ಕ ಇಟ್ಟೀರಿ. ಕಾಲ ಕೆಳಗ ಏನ ಇಟ್ಕೊಂಡಿದ್ರಿ? ಸ್ಟೂಲೋ, ಗಾದಿಯೋ?”

ಅಪ್ಪ ನನ್ನ ಮುಖ ನೋಡಿದ, ಅವ್ವನ ಮುಖ ನೋಡಿದ. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ.

“ನಮ್ಮವ್ವನ್ನರಿ,” ಎಂದ.

ಡಾಕ್ಟರ ಪೆನ್ನು ನಿಂತಿತು. ತಲೆ ಎತ್ತಿ ಅಪ್ಪನನ್ನು ನೋಡಿದರು. ಆಮೇಲೆ ಮತ್ತೆ ಚೀಟಿಯ ಮೇಲೆ ಬಗ್ಗಿ, ಇನ್ನೊಂದು ತಿಂಗಳು ಅದನ್ನೇ ಮುಂದುವರಿಸಿರಿ ಎಂದರು.